ಬೆಳಗಾವಿಯ 76 ಸಾವಿರ, ಜರ್ಮನಿಯ 3,360 ಯೂರೋ: ಕೊನೆಗೆ ಕೈಯಲ್ಲಿ ಉಳಿದದ್ದೆಷ್ಟು?

ಲೇಥ್ ಮಾಸ್ತರ (ಬೆಳಗಾವಿ, ಈಗ ಎಸ್ಲಿಂಗನ್)

ಎಲ್ಲರಿಗೂ ನಮಸ್ಕಾರ ರೀ. ಊರಿಗೆ ಫೋನ್ ಮಾಡಿದಾಗಲೆಲ್ಲ ಒಬ್ಬರಾದರೂ ಕೇಳುತ್ತಾರೆ, "ತಿಂಗಳಿಗೆ ನಾಲ್ಕು ಲಕ್ಷ ಅಂತಲ್ಲ, ಅಷ್ಟು ರೊಕ್ಕ ಎಲ್ಲಿ ಇಡ್ತೀಯೋ?" ಮೊದಮೊದಲು ನಗುತ್ತಿದ್ದೆ. ಈಗ ಸಿಟ್ಟು ಬರುತ್ತದೆ. ಹೋದ ಭಾನುವಾರ ಅಂಗಡಿಯೆಲ್ಲ ಬಂದ್ (ಇಲ್ಲಿ ಪ್ರತಿ ಭಾನುವಾರ ಹೀಗೇ), ಹೊರಗೆ ಮಳೆ. ಹೆಂಡತಿಯ ಹಳೆಯ ಖರ್ಚಿನ ಡೈರಿ ತೆಗೆದು 2023ರ ನವೆಂಬರ್ ಪುಟವನ್ನು 2025ರ ಈ ತಿಂಗಳ ಲೆಕ್ಕದ ಪಕ್ಕ ಇಟ್ಟೆ. ಬಂದ ಉತ್ತರ ನನಗೇ ನಂಬಿಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ತಪ್ಪಿದ್ದರೆ ಹೇಳಿ.

ಆಗ ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಪ್ರೋಗ್ರಾಮಿಂಗ್ ನೋಡಿಕೊಳ್ಳುತ್ತಿದ್ದೆ. ಪಿಎಫ್ ಎಲ್ಲ ಹೋಗಿ ಕೈಗೆ 62,000. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಅವಳದು 14,000. ಮನೆ ಅಪ್ಪನದು, ಬಾಡಿಗೆ ಇಲ್ಲ. ಕಿರಾಣಿ-ಕಾಯಿಪಲ್ಯಕ್ಕೆ 11,000, ಹಾಲಿಗೆ 2,500, ಗ್ಯಾಸ್ 900. ಗೃಹಜ್ಯೋತಿ ಬಂದ ಮೇಲೆ ಹೆಸ್ಕಾಂ ಬಿಲ್ ಸೊನ್ನೆ. ಮಗಳ ಎಲ್‌ಕೆಜಿ 3,000, ಪೆಟ್ರೋಲ್ 5,000, ಭಾಂಡೆ ತೊಳೆಯುವ ಅಕ್ಕನಿಗೆ 2,000, ಫೋನ್-ನೆಟ್ 1,500, ಅಪ್ಪ-ಅವ್ವನ ಔಷಧಿ 3,000, ಕಾರಿನ ಕಂತು 9,000. ಲಗ್ನ, ಮುಂಜಿ, ಗೃಹಪ್ರವೇಶ ಅಂತ ಆಹೇರಿಗೆ 3,000 (ಇದು ಮೇ ತಿಂಗಳಲ್ಲಿ ಹತ್ತು ಸಾವಿರ ದಾಟುತ್ತಿತ್ತು). ಚಿಲ್ಲರೆ-ಪಲ್ಲರೆ 4,000. ಒಟ್ಟು ಸುಮಾರು 45,000. ಉಳಿದದ್ದು 31,000.

ಈಗ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್. ಕಾಗದದ ಮೇಲೆ ಸಂಬಳ 4,300 ಯೂರೋ. ಊರಿನವರು ಹೇಳುವ ನಾಲ್ಕು ಲಕ್ಷ ಇದೇ. ಆದರೆ ಪಿಂಚಣಿಗೆ 9.3%, ಆರೋಗ್ಯ ವಿಮೆಗೆ ಎಂಟೂವರೆ ಚಿಲ್ಲರೆ, ನಿರುದ್ಯೋಗ ವಿಮೆ, ವಯಸ್ಸಾದವರ ಆರೈಕೆ ವಿಮೆ, ಆಮೇಲೆ ತೆರಿಗೆ. ಹೆಂಡತಿ ದುಡಿಯುವುದಿಲ್ಲ ಅಂತ ನನ್ನದು ಮೂರನೇ ತೆರಿಗೆ ವರ್ಗ, ತೆರಿಗೆ ಕಮ್ಮಿ, ಅದೇ ದೊಡ್ಡ ಉಪಕಾರ. ಕೈಗೆ ಬರುವುದು ಸುಮಾರು 3,105. ಮಗಳ ಹೆಸರಲ್ಲಿ ಸರ್ಕಾರ ಕೊಡುವ ಕಿಂಡರ್‌ಗೆಲ್ಡ್ 255 (2025ರ ದರ). ಒಟ್ಟು 3,360.

ಇನ್ನು ಹೋಗುವ ದಾರಿ. ಎರಡು ಕೋಣೆಯ ಮನೆಗೆ ಬಿಸಿ ಬಾಡಿಗೆ 1,250. ಬಿಸಿ ಬಾಡಿಗೆ ಅಂದರೆ ಹೀಟರ್, ನೀರು, ಕಸ ಎಲ್ಲ ಸೇರಿ. ಬರೀ ಗೋಡೆಗೆ ಕೊಡುವುದು ತಣ್ಣನೆ ಬಾಡಿಗೆ, ಅದು 1,000. ಕರೆಂಟ್ 65. ತಿಂಗಳಿಗೆ 175 ಯೂನಿಟ್ ಅಷ್ಟೇ ರೀ, ಬೆಳಗಾವಿಯಲ್ಲಿ ಇಷ್ಟೇ ಉರಿಸಿ ಒಂದು ರೂಪಾಯಿ ಕೊಟ್ಟಿರಲಿಲ್ಲ. ಫೋನ್-ನೆಟ್ 55. ರೇಡಿಯೋ-ಟಿವಿ ವಂತಿಗೆ 18.36. ಮನೆಯಲ್ಲಿ ಟಿವಿ ಇಲ್ಲ, ರೇಡಿಯೋ ಇಲ್ಲ, ಆದರೂ ಮನೆಗೊಂದು ಕಟ್ಟಲೇಬೇಕು. ದೇಶದ ಎಲ್ಲ ಊರಿನ ಬಸ್ಸು, ಲೋಕಲ್ ರೈಲಿಗೆ ನಡೆಯುವ ತಿಂಗಳ ಪಾಸ್ 2025ರಲ್ಲಿ 58, ಇಬ್ಬರಿಗೆ 116. 2023ರ ಮೇನಲ್ಲಿ ಶುರುವಾದಾಗ ಇದು 49 ಇತ್ತು. ಕಿರಾಣಿ 430, ಮಗಳ ಶಿಶುವಿಹಾರ 280, ಹೊಣೆಗಾರಿಕೆ ವಿಮೆ (ನಮ್ಮಿಂದ ಇನ್ನೊಬ್ಬರಿಗೆ ಹಾನಿ ಆದರೆ ತುಂಬಿಕೊಡುವುದು) 6, ಬಟ್ಟೆ-ಬರೆ, ತಿರುಗಾಟ 220. ಒಟ್ಟು 2,440. ಉಳಿದದ್ದು 920.

ಸುಲಭಕ್ಕೆ ಯೂರೋಗೆ 100 ರೂಪಾಯಿ ಹಿಡಿಯೋಣ. 92,000. ಭಾರಿ ಆಯಿತು ಅಂತೀರಿ. ನಿಲ್ಲಿ. ವರ್ಷಕ್ಕೊಮ್ಮೆ ಮೂವರ ವಿಮಾನಕ್ಕೆ ತಿಂಗಳಿಗೆ 200 ಎತ್ತಿಡುತ್ತೇನೆ. ಬೆಳಗಾವಿ ಮನೆಗೆ 450 ಕಳಿಸುತ್ತೇನೆ. ಅಪ್ಪ-ಅವ್ವನ ಖರ್ಚು, ಔಷಧಿ, ಮನೆ ರಿಪೇರಿ, ಮತ್ತೆ ಅದೇ ಆಹೇರಿ. ನಾನು ಲಗ್ನಕ್ಕೆ ಹೋಗದಿದ್ದರೂ ಆಹೇರಿ ಹೋಗುತ್ತದೆ, ಅದೂ "ಜರ್ಮನಿಯಲ್ಲಿದ್ದಾನೆ" ಅಂತ ಮೊದಲಿಗಿಂತ ಜಾಸ್ತಿ. ಇದೆಲ್ಲ ಹೋಗಿ ನಮ್ಮ ಹೆಸರಿಗೆ ಉಳಿಯುವುದು 270 ಯೂರೋ. 27,000 ರೂಪಾಯಿ.

ಬೆಳಗಾವಿಯಲ್ಲಿ 31, ಇಲ್ಲಿ 27. ಏನು ತಪ್ಪಿದೆ ಹೇಳಿ.

ಬರೀ ಓದುವವ

ಮಾಸ್ತರ, ಮನೆಯಲ್ಲಿ ಈ ಲೆಕ್ಕ ತೋರಿಸಬೇಡಿ. ನನ್ನ ತಮ್ಮನ ಕನ್ಯಾ ನೋಡುತ್ತಿದ್ದೇವೆ, ಹುಡುಗ ಜರ್ಮನಿಯಲ್ಲಿದ್ದಾನೆ ಅಂತಲೇ ಹೇಳಿದ್ದೇವೆ.

ಕಿಲ್ಲಾ ಕೆರೆ

ತಪ್ಪು ಕಣ್ಣಿಗೆ ಹೊಡೆಯುತ್ತಿದೆ. ಬೆಳಗಾವಿ ಕಡೆ ಅಪ್ಪನ ಮನೆ, ಜರ್ಮನಿ ಕಡೆ ಬಾಡಿಗೆ ಮನೆ. ಇದು ಎರಡು ದೇಶದ ಹೋಲಿಕೆ ಅಲ್ಲ. ಅಪ್ಪನ ಜೊತೆ ಇರುವುದು ಮತ್ತು ಬೇರೆ ಸಂಸಾರ ಹೂಡುವುದು, ಇವೆರಡರ ಹೋಲಿಕೆ. ನೀವು ಬೆಂಗಳೂರಿಗೆ ಹೋಗಿದ್ದರೂ ಹೀಗೇ ಆಗುತ್ತಿತ್ತು. ತಿಳಕವಾಡಿಯಲ್ಲಿ ನಿಮ್ಮಂಥ ಮನೆಗೆ 14,000 ಬಾಡಿಗೆ ಹಿಡಿಯಿರಿ. ಆಗ ಅಲ್ಲಿಯ ಉಳಿತಾಯ 17,000. ಗೆದ್ದದ್ದು ಜರ್ಮನಿ.

ಎರಡನೆಯದು, ಮನೆಗೆ ಕಳಿಸುವ 450 ಯೂರೋ ಖರ್ಚು ಅಂತ ಬರೆದಿದ್ದೀರಿ. ಅದರಲ್ಲಿ ಅರ್ಧ ಹಳೆಯ ಡೈರಿಯಲ್ಲೂ ಇತ್ತು, ಬೇರೆ ಹೆಸರಿನಲ್ಲಿ. ನಾನು ಐದು ವರ್ಷ ಹೊರಗಿದ್ದು ವಾಪಸ್ ಬಂದವನು. ಈ ಗೊಣಗಾಟ ನಾನೂ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಲೇಥ್ ಮಾಸ್ತರ

ಬಾಡಿಗೆ ಮಾತು ಒಪ್ಪಿದೆ. ಆದರೆ ನಾವು ಬೆಳಗಾವಿಯಿಂದ ಹೊರಡುವವರಲ್ಲಿ ಎಷ್ಟು ಜನ ಬಾಡಿಗೆ ಮನೆಯಿಂದ ಹೊರಡುತ್ತೇವೆ ಹೇಳಿ? ಅಪ್ಪನ ಮನೆಯ ನೆರಳು ಬಿಟ್ಟು ಬರುವುದೂ ಒಂದು ಖರ್ಚೇ ಅಲ್ವಾ? ಅದು ಯಾವ ಏಜೆಂಟನ ಪಟ್ಟಿಯಲ್ಲೂ ಇರುವುದಿಲ್ಲ.

ನಿಮ್ಮ ಮಾತು ಓದಿ ರಾತ್ರಿ ಇನ್ನೊಂದು ರೀತಿ ಲೆಕ್ಕ ಹಾಕಿದೆ. ರೂಪಾಯಿ ಬೇಡ, ಯೂರೋನೂ ಬೇಡ. ನಿಮಿಷದಲ್ಲಿ ನೋಡೋಣ. ಕಾರ್ಖಾನೆಯಲ್ಲಿ ಒಂದು ಪೀಸ್‌ಗೆ ಎಷ್ಟು ನಿಮಿಷ ಅಂತ ಹಾಕುತ್ತೇವಲ್ಲ, ಹಾಗೆ. ಬೆಳಗಾವಿಯಲ್ಲಿ ವಾರಕ್ಕೆ ಆರು ದಿನ, ತಿಂಗಳಿಗೆ 208 ತಾಸು ದುಡಿದು 62,000. ತಾಸಿಗೆ 298 ರೂಪಾಯಿ ಬಿತ್ತು. ಇಲ್ಲಿ 165 ತಾಸಿಗೆ 3,105, ತಾಸಿಗೆ ಹತ್ತಿರ ಹತ್ತಿರ 19 ಯೂರೋ.

ಒಂದು ಲೀಟರ್ ಹಾಲು ಆಗ 42 ರೂಪಾಯಿ, ಎಂಟೂವರೆ ನಿಮಿಷದ ದುಡಿಮೆ. ಇಲ್ಲಿ 1.10 ಯೂರೋ, ಮೂರೂವರೆ ನಿಮಿಷ. ಪೆಟ್ರೋಲ್ ಅಲ್ಲಿ ಇಪ್ಪತ್ತು ನಿಮಿಷ, ಇಲ್ಲಿ ಐದೂವರೆ. ಇಲ್ಲಿ ಕಾರೇ ಇಲ್ಲ, ಆ ಮಾತು ಬೇರೆ. ಇನ್ನು ಕಟಿಂಗ್ ನೋಡಿ. ಶಹಾಪುರದ ಸಲೂನ್‌ನಲ್ಲಿ 100 ರೂಪಾಯಿ, ಇಪ್ಪತ್ತು ನಿಮಿಷ, ಮೇಲೆ ತಲೆಗೆ ಎರಡು ಏಟು ಮಸಾಜ್ ಪುಕ್ಕಟೆ. ಇಲ್ಲಿ 24 ಯೂರೋ, ಒಂದೂಕಾಲು ತಾಸು. ನಲ್ಲಿ ಸೋರಿದರೆ ಊರಲ್ಲಿ 300 ರೂಪಾಯಿ, ಒಂದು ತಾಸು. ಇಲ್ಲಿ ಪ್ಲಂಬರ್ ಬಂದು ಒಂದು ವಾಷರ್ ಹಾಕಿ 140 ತಗೊಂಡು ಹೋದ. ನನ್ನ ಒಂದು ಪೂರ್ತಿ ದಿನದ ದುಡಿಮೆ! ಅವತ್ತೇ ಪಾನಾ ಸೆಟ್ ಕೊಂಡೆ.

ಜೋಳದ್ದು ಮಾತ್ರ ತಮಾಷೆ. ಊರಲ್ಲಿ ಗಿರಣಿ ಸೇರಿ ಕಿಲೋಗೆ 60, ಹನ್ನೆರಡು ನಿಮಿಷ. ಇಲ್ಲಿ ಸ್ಟುಟ್‌ಗಾರ್ಟ್‌ನ ಇಂಡಿಯನ್ ಅಂಗಡಿಯಲ್ಲಿ ಹಿಟ್ಟು ಮೂರೂವರೆ ಯೂರೋ, ಹನ್ನೊಂದು ನಿಮಿಷ. ಸುಮಾರು ಏಳು ಸಾವಿರ ಕಿಲೋಮೀಟರ್ ದಾಟಿ ಬಂದರೂ ರೊಟ್ಟಿಯ ದರ ಬದಲಾಗಿಲ್ಲ.

ಒಟ್ಟಿನಲ್ಲಿ ನನಗೆ ಕಂಡದ್ದು ಇಷ್ಟು: ಇಲ್ಲಿ ವಸ್ತು ಅಗ್ಗ, ಮನುಷ್ಯನ ಕೈ ದುಬಾರಿ. ನಮ್ಮಲ್ಲಿ ಉಲ್ಟಾ. ಊರಲ್ಲಿ ನಾವು ಹೇಗೆ ಬದುಕುತ್ತಿದ್ದೆವೋ, ಅಂದರೆ ಇನ್ನೊಬ್ಬರ ಕೈ ಮೇಲೆ, ಹಾಗೇ ಇಲ್ಲಿ ಬದುಕುತ್ತೇನೆ ಅಂದರೆ ಸಂಬಳ ಹತ್ತು ದಿನಕ್ಕೂ ಸಾಲುವುದಿಲ್ಲ.

ಗುಮ್ಮಟದ ಗಿಳಿ (ವಿಜಯಪುರ, ದುಬೈ)

ನಿಮಿಷದ ಲೆಕ್ಕ ಚೆನ್ನಾಗಿದೆ ಅಣ್ಣಾ. ಆದರೆ ಕೊಲ್ಲಿಯವರಿಗೆ ಅದು ಹೊಂದುವುದಿಲ್ಲ. ನೀವು ಅಲ್ಲೇ ದುಡಿದು ಅಲ್ಲೇ ತಿನ್ನುತ್ತೀರಿ. ನಾವು ಇಲ್ಲಿ ದುಡಿದು ಅಲ್ಲಿ ತಿನ್ನುತ್ತೇವೆ. ನಮಗೆ ರೂಪಾಯಿಯೇ ದೇವರು.

ನನ್ನದು ಎಸಿ ರಿಪೇರಿ ಕೆಲಸ, 6,500 ದಿರ್ಹಾಮ್. ಆದಾಯ ತೆರಿಗೆ ಇಲ್ಲ. ಹೆಚ್ಚುಕಮ್ಮಿ ಏನು ಕೊಂಡರೂ 5% ವ್ಯಾಟ್, ಅದು 2018ರಿಂದ ಬಂತು, ಅಷ್ಟೇ. ಆರು ಜನರ ರೂಮಿನಲ್ಲಿ ಒಂದು ಮಂಚಕ್ಕೆ 900. ಮನೆ ಅಲ್ಲ, ರೂಮೂ ಅಲ್ಲ, ಮಂಚ. ಊಟಕ್ಕೆ 750, ಮೆಟ್ರೋ-ಬಸ್ಸಿಗೆ 300, ಫೋನ್ 100, ಮಿಕ್ಕದ್ದು 350. ಉಳಿದ 4,100 ನೇರ ವಿಜಯಪುರಕ್ಕೆ. 2025ರ ದರದಲ್ಲಿ 98,000 ಚಿಲ್ಲರೆ. ಅಲ್ಲಿ ಹೆಂಡತಿ, ಎರಡು ಮಕ್ಕಳು, ಅವ್ವ. ಅವರ ಖರ್ಚು 48,000. ಉಳಿತಾಯ 50,000. ನಿಮ್ಮ ಜರ್ಮನಿಗಿಂತ ಜಾಸ್ತಿ, ನೋಡಿ!

ದಿರ್ಹಾಮ್ ಡಾಲರ್‌ಗೆ ಕಟ್ಟಿಹಾಕಿದ ಎತ್ತು. ಒಂದು ಡಾಲರ್‌ಗೆ 3.6725, 1997ರಿಂದ ಅದೇ ದರ. ಹಾಗಾಗಿ ಡಾಲರ್ ಎದುರು ರೂಪಾಯಿ ಬಿದ್ದರೆ ನಮ್ಮ ರೂಮಿನಲ್ಲಿ ಚಹಾ ಪಾರ್ಟಿ. ಟಿವಿಯಲ್ಲಿ ರೂಪಾಯಿ ಕುಸಿಯಿತು ಅಂತ ಬಾಯಿ ಬಡಿದುಕೊಳ್ಳುತ್ತಿದ್ದರೆ ನಾವು ಎಕ್ಸ್‌ಚೇಂಜ್ ಮುಂದೆ ಸಾಲು ನಿಂತಿರುತ್ತೇವೆ. ಪಾಪವೋ ಪುಣ್ಯವೋ ಗೊತ್ತಿಲ್ಲ.

ಸಂಸಾರ ಕರೆಸಿಕೊಳ್ಳಬಹುದಲ್ಲ ಅಂತ ಕೇಳುತ್ತಾರೆ. ಕಾನೂನಿನ ಪ್ರಕಾರ 4,000 ದಿರ್ಹಾಮ್ ಸಂಬಳ ಇದ್ದರೆ ಕರೆಸಬಹುದು. ಆದರೆ ಒಂದು ಬೆಡ್‌ರೂಮ್ ಮನೆ ಅಂದರೆ ವರ್ಷದ ಬಾಡಿಗೆಗೆ ಮುಂಚೆಯೇ ಚೆಕ್ಕು ಬರೆದುಕೊಡಬೇಕು. ಆ ಬಾಡಿಗೆಯ 5% ಕರೆಂಟ್-ನೀರಿನ ಬಿಲ್‌ನಲ್ಲಿ ಬಂದು ಕೂರುತ್ತದೆ. ಮಕ್ಕಳ ಶಾಲೆ ಫೀಸ್ ಬೇರೆ. ಕರೆಸಿಕೊಂಡ ಸ್ನೇಹಿತರಲ್ಲಿ ಇಬ್ಬರು ಎರಡು ವರ್ಷದಲ್ಲಿ ವಾಪಸ್ ಕಳಿಸಿದರು.

ನನ್ನ ಲೆಕ್ಕದಲ್ಲಿ ಎರಡು ಒಲೆ. ಒಂದು ಒಲೆ ಮೇಲೆ ನಾನು ಮತ್ತು ಐದು ಗಂಡಸರು ಸರತಿ ಪ್ರಕಾರ ಬೇಳೆ ಬೇಯಿಸುತ್ತೇವೆ. ಇನ್ನೊಂದು ಒಲೆ ಮುಂದೆ ಕೂತು ಉಂಡದ್ದು ಹನ್ನೊಂದು ವರ್ಷದಲ್ಲಿ ಎಲ್ಲ ಸೇರಿಸಿದರೂ ಒಂದು ವರ್ಷ ಆಗುವುದಿಲ್ಲ.

ಲೇಥ್ ಮಾಸ್ತರ

ಗಿಳಿ ಅಣ್ಣಾ, 31 ಮತ್ತು 27ರ ಗೋಳು ಬರೆದದ್ದಕ್ಕೆ ನಾಚಿಕೆ ಆಯಿತು. ಮಗಳು ದಿನಾ ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಾಳೆ.

ತಿಳಕವಾಡಿ ಕಾಕಾ

ತಮ್ಮಂದಿರಾ, ನಾನು ಬ್ಯಾಂಕಿನಲ್ಲಿ 34 ವರ್ಷ ಕೂತವನು. ಲೆಕ್ಕ ನೋಡಿ ಕೈ ತುರಿಸಿತು.

ಮಾಸ್ತರ, ಪಿಂಚಣಿಗೆ ಹೋಗುವ 9.3% ಖರ್ಚಿನಂತೆ ಬಿಟ್ಟುಬಿಟ್ಟಿದ್ದೀಯಲ್ಲ. 4,300ಕ್ಕೆ ಅದು 400 ಯೂರೋ. ಅಷ್ಟೇ ಮೊತ್ತ ನಿನ್ನ ಮಾಲೀಕನೂ ಹಾಕುತ್ತಾನೆ. ಅದು ನಿನ್ನ ಹೆಸರಿಗೆ ಜಮಾ ಆಗುವ ಹಕ್ಕು. ಆದರೆ ನಮ್ಮ ಪಿಎಫ್ ತರಹ ಗಂಟು ಅಂತ ಭಾವಿಸಬೇಡ, ಮನೆ ಕಟ್ಟಲು ತೆಗೆಯಲು ಬರುವುದಿಲ್ಲ. ಭಾರತ-ಜರ್ಮನಿ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ 2017ರ ಮೇನಿಂದ ಜಾರಿಯಲ್ಲಿದೆ. ಅಲ್ಲಿ ದುಡಿದ ವರ್ಷ, ಇಲ್ಲಿ ದುಡಿದ ವರ್ಷ ಕೂಡಿಸಿ ಪಿಂಚಣಿಯ ಅರ್ಹತೆ ನೋಡುತ್ತಾರೆ. ಕಾಗದ ಜೋಪಾನ ಮಾಡು. ಗಿಳಿಗೆ ಇಂಥದ್ದು ಇಲ್ಲ. ಅವನಿಗೆ ಕೆಲಸ ಬಿಡುವಾಗ ಸಿಗುವ ಗಂಟು ಗ್ರಾಚ್ಯುಟಿ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ 30 ದಿನದ್ದು. ಹಾಗಾಗಿ ಗಿಳಿ, ನಿನ್ನ 50,000ದಲ್ಲಿ ಮುಪ್ಪಿನ ಕಾಲದ್ದೂ ಸೇರಿದೆ. ಪೂರ್ತಿ ಉಳಿತಾಯ ಅಂತ ಕುಣಿಯಬೇಡ.

ಇನ್ನೊಂದು. ಹೊರಗೆ ಹೋದ ಮೇಲೂ ಹಳೆಯ ಉಳಿತಾಯ ಖಾತೆಯನ್ನೇ ಓಡಿಸುವವರು ಬಹಳ. ಅನಿವಾಸಿ ಆದ ಮೇಲೆ ಅದನ್ನು ಭಾರತದೊಳಗಿನ ಆದಾಯಕ್ಕಿರುವ ಅನಿವಾಸಿ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸಬೇಕು. ಅಲ್ಲಿಂದ ದುಡಿದು ಕಳಿಸುವುದಕ್ಕೆ ಬೇರೆ ಅನಿವಾಸಿ ಖಾತೆ, ಎನ್‌ಆರ್‌ಇ. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ನಿಜ. ಆದರೆ ಜರ್ಮನಿಯಲ್ಲಿ ನೆಲೆಸಿದವನು ಜಗತ್ತಿನ ಎಲ್ಲ ಕಡೆಯ ಆದಾಯವನ್ನೂ ಅಲ್ಲಿ ತೋರಿಸಬೇಕು. ಬಡ್ಡಿ-ಲಾಭಕ್ಕೆ ಗಂಡ-ಹೆಂಡತಿಗೆ ಸೇರಿ ವರ್ಷಕ್ಕೆ 2,000 ಯೂರೋವರೆಗೆ ಮಾಫಿ. ಅದರ ಮೇಲೆ ಕಟ್ಟಬೇಕು. ನನ್ನ ಅಳಿಯನಿಗೆ ಇದು ಗೊತ್ತಿರಲಿಲ್ಲ, ಮೂರು ವರ್ಷದ್ದು ಒಟ್ಟಿಗೆ ಕಟ್ಟಿದ.

ಮತ್ತೆ ಆ 100 ರೂಪಾಯಿ ದರ. 2022ರ ಸೆಪ್ಟೆಂಬರ್‌ನಲ್ಲಿ ಯೂರೋ 80ರ ಆಸುಪಾಸಿನಲ್ಲಿತ್ತು. ಆ ದರ ಹಾಕಿದರೆ ನಿನ್ನ 27,000 ಹೋಗಿ 21,600. ನೀನು ಒಂದು ಕಡ್ಡಿಯನ್ನೂ ಅತ್ತಿತ್ತ ಸರಿಸದೆ ಐದು ಸಾವಿರ ಹೆಚ್ಚಾಗಿದೆ. ಇನ್ನೊಂದು ದಿನ ಹಾಗೇ ಇಳಿಯಲೂಬಹುದು.

ಶೇಂಗಾ ಹಿಂಡಿ

ನಾನು ಮಾಸ್ತರ ಮನೆಯವಳು. ಡೈರಿ ನನ್ನದು, ಲೆಕ್ಕ ಬರೆದದ್ದು ನಾನು, ಹೆಸರು ಮಾತ್ರ ಅವರಿಗೆ. ಇರಲಿ.

ಅವರು ಬಿಟ್ಟಿರುವ ಸಾಲುಗಳನ್ನು ನಾನು ಹೇಳುತ್ತೇನೆ. ಮೊದಲನೆಯದು ಬರುವ ಖರ್ಚು. ನಾವು 2024ರ ಫೆಬ್ರುವರಿಯಲ್ಲಿ ಬಂದಾಗ ಮನೆಯ ಮುಂಗಡ ಮೂರು ತಿಂಗಳ ತಣ್ಣನೆ ಬಾಡಿಗೆ, 3,000 ಯೂರೋ. ಕಾನೂನು ಒಪ್ಪುವುದೂ ಮೂರೇ ತಿಂಗಳು, ಅವರು ಪೂರ್ತಿ ತಗೊಂಡರು. ಮನೆ ಒಳಗೆ ಕಾಲಿಟ್ಟರೆ ಅಡುಗೆಮನೆಯೇ ಇಲ್ಲ! ಗೋಡೆಯಿಂದ ಎರಡು ಪೈಪು, ಮೇಲೆ ಬಲ್ಬಿಲ್ಲದ ವೈರು ಜೋತಾಡುತ್ತಿತ್ತು. ಇಲ್ಲಿ ಬಾಡಿಗೆದಾರರು ಕಟ್ಟೆ, ಒಲೆ, ಸಿಂಕ್ ಕಿತ್ತುಕೊಂಡು ಹೋಗುವುದು ಮಾಮೂಲು. ಹಳೆಯದೊಂದನ್ನು 1,500 ಕೊಟ್ಟು ಹಾಕಿಸಿದೆವು. ಮಂಚ, ಜಾಕೆಟ್, ಟಿಕೆಟ್, ದಾಖಲೆ ಅನುವಾದ ಎಲ್ಲ ಸೇರಿ ಎಂಟು ಲಕ್ಷ ಆಯಿತು. ಅದರಲ್ಲಿ ಐದು ಲಕ್ಷ ನನ್ನ ಬಂಗಾರ ಸೊಸೈಟಿಯಲ್ಲಿ ಅಡವಿಟ್ಟು ತಂದದ್ದು. ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಹಿಡಿಯಿತು. ಆ ಹದಿನಾಲ್ಕು ತಿಂಗಳು ಉಳಿತಾಯ ಸೊನ್ನೆ. ಅವರ ಪಟ್ಟಿಯಲ್ಲಿ ಇದು ಎಲ್ಲಿದೆ?

ವರ್ಷ ತುಂಬಿದ ಮೇಲೆ ಹೀಟರ್ ಲೆಕ್ಕದ ಪತ್ರ ಬಂತು, ಇನ್ನೂ 340 ಯೂರೋ ಕಟ್ಟಿ ಅಂತ. ಮೊದಲ ಚಳಿಗಾಲ ನಾನು ಮನೆಯನ್ನು ಬೆಳಗಾವಿಯ ಏಪ್ರಿಲ್ ಮಾಡಿಟ್ಟಿದ್ದೆ. ಈಗ ಎರಡು ಸ್ವೆಟರ್, ಒಂದು ಹೀಟರ್.

ಎರಡನೆಯದು ನನ್ನ 14,000. ಅದು ಅವರ ಜರ್ಮನಿ ಪಟ್ಟಿಯಿಂದ ಸದ್ದಿಲ್ಲದೆ ಮಾಯವಾಗಿದೆ. ಇಲ್ಲಿ ನನ್ನ ಬಿ.ಎಡ್. ತೋರಿಸಿದರೆ ಮೊದಲು ಭಾಷೆ ಕಲಿ ಅಂತಾರೆ, ಕಲಿಯುತ್ತಿದ್ದೇನೆ. ತಿಂಗಳಿಗೆ 556 ಯೂರೋವರೆಗೆ (2025ರ ಮಿತಿ) ಸಣ್ಣ ಕೆಲಸಕ್ಕೆ ತೆರಿಗೆ ಕಾಟ ಇಲ್ಲ, ಅದನ್ನು ಮಾಡಬಹುದು. ಆದರೆ ಮಗಳನ್ನು ಮಧ್ಯಾಹ್ನ ಕರೆತರುವುದು ಯಾರು? ಅಲ್ಲಿ ಅತ್ತೆ ಇದ್ದರು.

ಅವರು "ಇಲ್ಲಿ ಮನುಷ್ಯನ ಕೈ ದುಬಾರಿ" ಅಂತ ದೊಡ್ಡದಾಗಿ ಬರೆದಿದ್ದಾರೆ. ಸರಿ, ಯಾರ ಕೈ? ಭಾಂಡೆ ಅಕ್ಕನ 2,000 ಉಳಿಯಿತು, ಏಕೆಂದರೆ ಭಾಂಡೆ ನಾನು ತೊಳೆಯುತ್ತೇನೆ. ಹೋಟೆಲ್ ಖರ್ಚು ಇಲ್ಲ, ಏಕೆಂದರೆ ನಾನು ಡಬ್ಬಿ ಕಟ್ಟುತ್ತೇನೆ. ಕಟಿಂಗ್‌ಗೆ 24 ಕೊಡುವುದಿಲ್ಲ, ಮಷಿನ್ ತಂದು ನಾನೇ ಹೊಡೆಯುತ್ತೇನೆ (ಮೊದಲ ಸಲದ ಫೋಟೋ ಯಾರಿಗೂ ತೋರಿಸಿಲ್ಲ). ದಿನಕ್ಕೆ ಮೂರು ತಾಸು ಅಂತ ಕಮ್ಮಿಯೇ ಹಿಡಿಯುತ್ತೇನೆ. ಇಲ್ಲಿಯ ಕನಿಷ್ಠ ಕೂಲಿ 2025ರಲ್ಲಿ ತಾಸಿಗೆ 12.82. ತಿಂಗಳಿಗೆ 90 ತಾಸು, 1,154 ಯೂರೋ. ಈ ಸಾಲು ಸೇರಿಸಿ ನಿಮ್ಮ ಲೆಕ್ಕ ಮತ್ತೆ ಹಾಕಿ ನೋಡಿ ರೀ ಮಾಸ್ತರ.

ಹಾಗಂತ ನನಗೆ ಬೇಜಾರೇನಿಲ್ಲ. ಹೋದ ವರ್ಷ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ನಾಲ್ಕು ದಿನ ಆಸ್ಪತ್ರೆ. ಕೈಯಿಂದ ಕೊಟ್ಟದ್ದು ದಿನಕ್ಕೆ 10ರಂತೆ 40 ಯೂರೋ. ನಾನು, ಮಗಳು ಅವರ ವಿಮೆಯಲ್ಲೇ ಪುಕ್ಕಟೆ ಸೇರುತ್ತೇವೆ. ಅದೇ ವರ್ಷ ಮಾವನಿಗೆ ಬೆಳಗಾವಿಯಲ್ಲಿ ಸ್ಟೆಂಟ್ ಹಾಕಿದರು, ಎರಡು ಲಕ್ಷದ ನಲವತ್ತು ಸಾವಿರ. ಅದನ್ನೂ ಅವರು ಪಟ್ಟಿಯಲ್ಲಿ ಬರೆದಿಲ್ಲ. ಯಾಕೆ ಅಂತ ಗೊತ್ತು, ಅಪ್ಪನ ಖರ್ಚು ಬರೆಯಬಾರದು ಅಂತ.

ಕಿಲ್ಲಾ ಕೆರೆ

ವೈನಿ (ಅತ್ತಿಗೆ) ಬಂದರು, ಲೆಕ್ಕ ಮುಗಿಯಿತು.

ತಿಳಕವಾಡಿ ಕಾಕಾ

ನಾನು 34 ವರ್ಷ ಬ್ಯಾಲೆನ್ಸ್ ಶೀಟ್ ನೋಡಿದೆ. ಮನೆಯ ಬ್ಯಾಲೆನ್ಸ್ ಶೀಟ್‌ನಲ್ಲಿ ಈ ಸಾಲು ನಾನೂ ಬರೆದಿರಲಿಲ್ಲ. ನಮ್ಮವಳಿಗೆ ಇದನ್ನು ಓದಿ ಹೇಳಿದೆ. ಮಧ್ಯಾಹ್ನದ ಚಹಾ ಇವತ್ತು ನಾನೇ ಮಾಡಿದೆ, ಸಕ್ಕರೆ ಜಾಸ್ತಿ ಆಯಿತಂತೆ.

ಲೇಥ್ ಮಾಸ್ತರ

ಒಪ್ಪಿದೆ. 27,000 ಅಲ್ಲ. ಆ 1,154 ಖರ್ಚಿಗೆ ಹಾಕಿದರೆ ತಿಂಗಳಿಗೆ 884 ಯೂರೋ ಸಾಲ. ಇನ್ನು ಮುಂದೆ ಡಬ್ಬಿ ನಾನು ಕಟ್ಟುತ್ತೇನೆ.

ಇಳಕಲ್ ಸೆರಗು (ಬಾಗಲಕೋಟೆ)

ನಿಮ್ಮದೆಲ್ಲ ದುಡಿಯಲು ಹೋದವರ ಮಾತು. ಓದಲು ಕಳಿಸಿದವರದ್ದೂ ಒಂದಿಷ್ಟು ಕೇಳಿ. ನಮ್ಮ ಮಗಳು 2025ರ ಸೆಪ್ಟೆಂಬರ್‌ನಲ್ಲಿ ಲಂಡನ್‌ಗೆ ಹೋದಳು. ಫೀಸ್ ಒಂದು ಕಡೆ. ವೀಸಾಕ್ಕೆ ಮುಂಚೆ ಬದುಕುವ ಖರ್ಚು ಅಂತ ತಿಂಗಳಿಗೆ 1,483 ಪೌಂಡ್‌ನಂತೆ ಒಂಬತ್ತು ತಿಂಗಳದ್ದು ಬ್ಯಾಂಕಿನಲ್ಲಿ 28 ದಿನ ಅಲುಗಾಡದಂತೆ ತೋರಿಸಬೇಕಿತ್ತು. ಹದಿನೈದು ಲಕ್ಷದ ಮೇಲೆ. ನಮ್ಮವರು ಆ 28 ದಿನ ಖಾತೆ ಕಡೆ ಕಣ್ಣೆತ್ತಿ ನೋಡಲೂ ಹೆದರುತ್ತಿದ್ದರು, ನೋಡಿದರೆ ಕಮ್ಮಿ ಆಗುತ್ತದೇನೋ ಅನ್ನುವ ಹಾಗೆ. ಆರೋಗ್ಯ ಸೇವೆಗೆ ಅಂತ ವರ್ಷಕ್ಕೆ 776 ಪೌಂಡ್, ಅದೂ ಮುಂಗಡ.

ಅವಳು ಕಾಲೇಜು ನಡೆಯುವಾಗ ವಾರಕ್ಕೆ 20 ತಾಸು ಮಾತ್ರ ದುಡಿಯಬಹುದು. ಬೇಕರಿಯಲ್ಲಿ 2025ರ ದರದಲ್ಲಿ ತಾಸಿಗೆ 12.21 ಪೌಂಡ್ ಸಿಗುತ್ತದೆ. ಬಸ್ಸಿಗೆ 1.75, ಒಂದು ತಾಸಿನೊಳಗೆ ಬಸ್ ಬದಲಿಸಿದರೆ ಮತ್ತೆ ಕೊಡಬೇಕಿಲ್ಲ. ಅದಕ್ಕೇ ಅವಳು ಮೆಟ್ರೋ ಹತ್ತುವುದೇ ಇಲ್ಲ, ಗಡಿಯಾರ ನೋಡಿಕೊಂಡು ಬಸ್ ಹಿಡಿಯುತ್ತಾಳೆ. ನಾನು ಇಲ್ಲಿ 2023ರ ಜೂನ್‌ನಿಂದ ನವನಗರದಿಂದ ಇಳಕಲ್‌ಗೆ ಆಧಾರ್ ತೋರಿಸಿ ಪುಕ್ಕಟೆ ಹೋಗಿ ಬರುತ್ತೇನೆ. ಫೋನ್‌ನಲ್ಲಿ ಅವಳು "ಅವ್ವಾ, ನಿನ್ನ ಬಸ್ಸೇ ಚೊಲೊ" ಅಂತಾಳೆ.

ಚಿಕ್ಕೋಡಿ ಹುಡುಗ

ಅಣ್ಣಾರೆ, ನನಗೆ ಮ್ಯೂನಿಕ್‌ನಿಂದ ಆಫರ್ ಬಂದಿದೆ. ತಿಂಗಳಿಗೆ 3,900. ಒಬ್ಬನೇ, ಲಗ್ನ ಆಗಿಲ್ಲ. ಇಲ್ಲಿ 41,000 ಸಿಗುತ್ತದೆ. ಇದೆಲ್ಲ ಓದಿ ತಲೆ ಕೆಟ್ಟಿದೆ. ಹೋಗಲೋ ಬೇಡವೋ? ಅಪ್ಪ ಕಬ್ಬಿನ ಬಿಲ್ ಬಂದ ಮೇಲೆ ದುಡ್ಡು ಕೊಡುತ್ತೇನೆ ಅಂದಿದ್ದಾರೆ.

ಲೇಥ್ ಮಾಸ್ತರ

ತಮ್ಮಾ, ನಮ್ಮ ಗೋಳು ಓದಿ ಹೆದರಬೇಡ. ನನ್ನದು ಸಂಸಾರದ ಲೆಕ್ಕ, ನಿನ್ನದು ಒಂಟಿ ಲೆಕ್ಕ. ಆದರೆ ಸಂಬಳ ಎಷ್ಟು ಅಂತ ಕೇಳುವ ಮೊದಲು ಊರು ಯಾವುದು ಅಂತ ಕೇಳು. ಒಬ್ಬನೇ ಅಂದರೆ ಒಂದನೇ ತೆರಿಗೆ ವರ್ಗ, ತೆರಿಗೆ ಜಾಸ್ತಿ. 3,900ಕ್ಕೆ ಕೈಗೆ 2,500 ಚಿಲ್ಲರೆ. ಮ್ಯೂನಿಕ್‌ನಲ್ಲಿ ಒಂದು ಕೋಣೆಗೆ ಬಿಸಿ ಬಾಡಿಗೆ 1,100 ಅಂತ ನನ್ನ ಸ್ನೇಹಿತ ಕೊಡುತ್ತಿದ್ದಾನೆ. ಅದೂ ಸಿಗಲು ಆರು ತಿಂಗಳು ಇನ್ನೊಬ್ಬರ ಸೋಫಾದ ಮೇಲೆ ಮಲಗಿದ. ಅಲ್ಲಿಗೆ ಉಳಿದದ್ದು 1,400. ಅದರಲ್ಲಿ ಊಟ, ಪಾಸ್, ಕರೆಂಟ್.

ಕಂಪನಿಗೆ ಬೇರೆ ಊರಲ್ಲಿ ಶಾಖೆ ಇದೆಯಾ ನೋಡು. ಪೂರ್ವದ ಕಡೆ, ಖೆಮ್ನಿಟ್ಸ್‌ನಂಥ ಊರಲ್ಲಿ ಬಾಡಿಗೆ ಬಹಳ ಕಮ್ಮಿ. ಯಂತ್ರದ ಕಾರ್ಖಾನೆಗಳ ಹಳೆಯ ಊರು ಅದು, ನಮ್ಮ ಉದ್ಯಮಬಾಗದವರಿಗೆ ಪರಕೀಯ ಅನ್ನಿಸುವುದಿಲ್ಲ. ಪಾಸ್ ಹೇಗೂ ದೇಶಕ್ಕೆಲ್ಲ ಒಂದೇ ದರ, ರೇಡಿಯೋ ವಂತಿಗೆಯೂ ಒಂದೇ. ಬದಲಾಗುವುದು ಬಾಡಿಗೆ ಮಾತ್ರ. ಸಂಬಳ ಸ್ವಲ್ಪ ಇಳಿದರೂ ಲೆಕ್ಕ ಹಾಕಿ ನೋಡು.

ಮತ್ತೆ ಅಪ್ಪನ ಕಬ್ಬಿನ ದುಡ್ಡಿನ ಜೊತೆ ಇನ್ನೊಂದು ಎರಡು ಲಕ್ಷ ಬೇರೆ ಇಟ್ಟುಕೊಂಡು ಬಾ. ಮೊದಲ ಸಂಬಳ ಬರುವವರೆಗೆ ಯಾರೂ ಉದ್ರಿ ಕೊಡುವುದಿಲ್ಲ ಇಲ್ಲಿ.

ಗುಮ್ಮಟದ ಗಿಳಿ

ಲಗ್ನ ಆಗುವ ಮೊದಲೇ ಹೋಗು. ನಾನು ಆದ ಮೇಲೆ ಬಂದೆ.

ಚಿಕ್ಕೋಡಿ ಹುಡುಗ

ಒಂಬತ್ತು ದಿನ ಆಯಿತು, ಎಲ್ಲರಿಗೂ ಹೇಳೋಣ ಅಂತ ಬಂದೆ. ಖೆಮ್ನಿಟ್ಸ್‌ನಲ್ಲಿ ಅವರದೊಂದು ಘಟಕ ಇದೆ! ಕೇಳಿದೆ, ಒಪ್ಪಿದರು, ಆದರೆ 3,650 ಅಂದರು. ಮಾಸ್ತರ ಹೇಳಿದ ಹಾಗೆ ಲೆಕ್ಕ ಹಾಕಿದೆ. ಕೈಗೆ 2,400 ಹತ್ತಿರ. ಒಂದು ಕೋಣೆಯ ಮನೆಗೆ ಬಿಸಿ ಬಾಡಿಗೆ 450 ಅಂತ ತೋರಿಸುತ್ತಿದೆ. ಸಂಬಳ 250 ಕಮ್ಮಿ, ಕೈಯಲ್ಲಿ ಉಳಿಯುವುದು ಸುಮಾರು 500 ಜಾಸ್ತಿ. ಅಪ್ಪನಿಗೆ ಮಾತ್ರ "ಕಮ್ಮಿ ಸಂಬಳ ಯಾಕೆ ಕೇಳಿ ತಗೊಂಡೆ?" ಅಂತ ಇನ್ನೂ ಅರ್ಥ ಆಗಿಲ್ಲ. ಮಾರ್ಚ್‌ನಲ್ಲಿ ಹೊರಡುತ್ತೇನೆ. ಬ್ಯಾಗಿನಲ್ಲಿ 23 ಕೆಜಿ ಬಿಡುತ್ತಾರಂತೆ. ನಿಮಗೆ ಏನು ತರಲಿ? ಬೆಳಗಾವಿಯಿಂದ ಕುಂದಾ?

ಶೇಂಗಾ ಹಿಂಡಿ

ಕುಂದಾ ಬೇಡ ತಮ್ಮಾ. ಅದು ಹಾಲಿನ ಪದಾರ್ಥ. ಹೊರದೇಶದಿಂದ ಹಾಲು, ಮಾಂಸದ ತಿನಿಸು ಇಲ್ಲಿಗೆ ತರುವಂತಿಲ್ಲ, ಏರ್‌ಪೋರ್ಟ್‌ನಲ್ಲಿ ಕಿತ್ತುಕೊಂಡು ಬಿಸಾಡುತ್ತಾರೆ. ನಮಗೆ ಏನೂ ತರಬೇಡ. ನಿನಗೆ ಅಂತ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿಗಳು) ಕಟ್ಟಿಸಿಕೋ. ಜಾಕೆಟ್ ಅಲ್ಲಿ ಕೊಳ್ಳಬೇಡ, ಇಲ್ಲಿಯ ಚಳಿಗೆ ಸಾಲುವುದಿಲ್ಲ. ಆ ತೂಕಕ್ಕೆ ಅವ್ವನ ಕಬ್ಬಿಣದ ಹಂಚು ಇಟ್ಟುಕೋ, ಮೂರು ಕೆಜಿ ಆದರೂ ಪರವಾಗಿಲ್ಲ. ರೊಟ್ಟಿ ಬಡಿಯುವುದನ್ನು ಹೊರಡುವ ಮೊದಲೇ ಕಲಿ. ಮತ್ತೆ ಭಾನುವಾರ ಬಡಿಯಬೇಡ. ಭಾನುವಾರ ಸದ್ದು ಮಾಡುವಂತಿಲ್ಲ ಇಲ್ಲಿ. ನಮ್ಮ ಕೆಳಗಿನ ಮನೆಯ ಅಜ್ಜಿ ಒಂದು ಸಲ ಮೇಲೆ ಹತ್ತಿ ಬಂದು, ಏನು ರಿಪೇರಿ ನಡೆಯುತ್ತಿದೆ ಅಂತ ಕೇಳಿದರು. ಒಂದು ರೊಟ್ಟಿ ಕೊಟ್ಟು ಕಳಿಸಿದೆ. ಈಗ ಶನಿವಾರಕ್ಕೆ ಅವರೇ ತಟ್ಟೆ ತರುತ್ತಾರೆ.